ಎರಡೇ ಮಾರ್ಗಕ್ಕೆ ನಿಂತುಹೋದ ‘ಯುವಾ’ ರೈಲು

2009ರ ಜುಲೈ 3ರಂದು ರೈಲ್ವೆ ಸಚಿವೆ ಮಮತಾ ಬ್ಯಾನರ್ಜಿ ಮಂಡಿಸಿದ ಬಜೆಟ್ಟಿನಲ್ಲಿ ಹೆಚ್ಚು ಸುದ್ದಿಯಾದದ್ದು ನಡುವೆ ಎಲ್ಲಿಯೂ ನಿಲ್ಲದೆ ಓಡುವ ‘ದುರಂತೋ’ ರೈಲು. ಬಂಗಾಳಿಯಲ್ಲಿ ತಡೆಯಿಲ್ಲದ ವೇಗವನ್ನು ಸೂಚಿಸುವ ಈ ಹೆಸರು ಕನ್ನಡದ ಕಿವಿಗೆ ಅಪಶಕುನದಂತೆ ಕೇಳಿಸಿದ್ದು ಬೇರೆ ಮಾತು. ಅದೇ ಭಾಷಣದಲ್ಲಿ, ಕೆಲಸ ಹುಡುಕಿಕೊಂಡು ಮಹಾನಗರಗಳಿಗೆ ಹೋಗುವ ಯುವಕರಿಗೂ ಕಡಿಮೆ ಆದಾಯದವರಿಗೂ ‘ಯುವಾ’ ಎಂಬ ಪೂರ್ಣ ಹವಾನಿಯಂತ್ರಿತ ರೈಲುಗಳನ್ನು ಓಡಿಸುವ ಪ್ರಸ್ತಾಪವೂ ಇತ್ತು. 1,500 ಕಿ.ಮೀ. ವರೆಗೆ 299 ರೂಪಾಯಿ, 2,500 ಕಿ.ಮೀ. ವರೆಗೆ 399 ರೂಪಾಯಿ ಎಂದು ದರವನ್ನೂ ಹೇಳಲಾಯಿತು. ಅಂದರೆ ಪೂರ್ತಿ ದೂರ ಹೋಗುವವನಿಗೆ ಕಿಲೋಮೀಟರಿಗೆ 20 ಪೈಸೆಯೋ ಅದಕ್ಕೂ ಕಡಿಮೆಯೋ ಬೀಳುತ್ತಿತ್ತು.

ಅಗ್ಗದ ಎ.ಸಿ. ಪ್ರಯಾಣವೇನೂ ಹೊಸ ಕಲ್ಪನೆಯಾಗಿರಲಿಲ್ಲ. ಲಾಲು ಪ್ರಸಾದ್ ಸಚಿವರಾಗಿದ್ದಾಗ, 2006ರ ಅಕ್ಟೋಬರಿನಲ್ಲಿ, ಬಿಹಾರದ ಸಹರ್ಸಾದಿಂದ ಅಮೃತಸರಕ್ಕೆ ಮೊದಲ ಗರೀಬ್ ರಥ ಹೊರಟಿತ್ತು. ಅಲ್ಲಿ ಬೋಗಿಯ ಪಕ್ಕದ ಸಾಲಿನಲ್ಲೂ ಮೂರನೆಯ ಬರ್ತ್ ತೂರಿಸಿ, ಹಾಸಿಗೆ ಹೊದಿಕೆಗೆ ಪ್ರತ್ಯೇಕ ಹಣ ಪಡೆದು ದರ ಇಳಿಸಲಾಗಿತ್ತು. ಎಷ್ಟೇ ಇಕ್ಕಟ್ಟಾದರೂ ಪ್ರಯಾಣಿಕನಿಗೆ ಮಲಗಲು ಜಾಗವಿತ್ತು. ಯುವಾ ರೈಲಿನ ಯೋಜಕರು ಕೈಬಿಟ್ಟದ್ದು ಆ ಬರ್ತನ್ನೇ. ಬೋಗಿಗಳೆಲ್ಲ ಕೂತು ಹೋಗುವ ಚೇರ್ ಕಾರ್‌ಗಳಾಗಬೇಕೆಂಬುದು ಅವರ ಲೆಕ್ಕವಾಗಿತ್ತು.

ಆಸನಗಳಲ್ಲಿ ಶೇ 60ರಷ್ಟನ್ನು 18ರಿಂದ 45 ವರ್ಷದವರಿಗೆ ಮೀಸಲಿಡಲಾಯಿತು. ನಲವತ್ತೈದರ ಗೃಹಸ್ಥನನ್ನೂ ತರುಣರ ಸಾಲಿಗೆ ಸೇರಿಸಿದ ಈ ಔದಾರ್ಯದಿಂದ ಮೀಸಲಾತಿಗೆ ಅರ್ಥವೇ ಉಳಿಯಲಿಲ್ಲ, ಏಕೆಂದರೆ ದುಡಿಮೆಗಾಗಿ ಊರು ಬಿಟ್ಟು ಓಡಾಡುವವರಲ್ಲಿ ಬಹುಪಾಲು ಜನ ಹೇಗಿದ್ದರೂ ಅದೇ ವಯೋಮಾನದವರು.

ಕೊನೆಗೆ ಹಳಿಗೆ ಬಂದದ್ದು ಎರಡು ಮಾರ್ಗಗಳು ಮಾತ್ರ: ಹೌರಾದಿಂದ ದೆಹಲಿಯ ಆನಂದ್ ವಿಹಾರ್‌ಗೆ ಒಂದು, ಮುಂಬೈನ ಬಾಂದ್ರಾ ಟರ್ಮಿನಸ್‌ನಿಂದ ಹಜರತ್ ನಿಜಾಮುದ್ದೀನ್‌ಗೆ ಇನ್ನೊಂದು. ಎರಡೂ ಸುಮಾರು 1,400 ಕಿ.ಮೀ. ದೂರದ, ಒಂದಿಡೀ ರಾತ್ರಿಯನ್ನು ನುಂಗುವ ಪ್ರಯಾಣಗಳು. ಚೇರ್ ಕಾರ್ ಹಗಲಿನ ಓಟಕ್ಕೆ ಹೇಳಿ ಮಾಡಿಸಿದ್ದು. 2002ರಲ್ಲಿ ಬಂದ ಜನ ಶತಾಬ್ದಿ ರೈಲುಗಳು ಬಾಳಿದ್ದು ಬೆಳಿಗ್ಗೆ ಹೊರಟವನನ್ನು ಅದೇ ದಿನ ಊರು ಮುಟ್ಟಿಸುವುದರಿಂದ. ರಾತ್ರಿಯಿಡೀ ಕುತ್ತಿಗೆ ವಾಲಿಸಿಕೊಂಡು ಕೂರಬೇಕಾದವನಿಗೆ ಎ.ಸಿ.ಯ ತಂಪಿಗಿಂತ ಸ್ಲೀಪರ್ ದರ್ಜೆಯ ಬೆವರಿನ ಬರ್ತೇ ಹಿತವೆನಿಸಿದರೆ ಅಚ್ಚರಿಯಿಲ್ಲ.

2011ರ ಮೇ ತಿಂಗಳಲ್ಲಿ ಮಮತಾ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿ ಹೋದರು. ಮುಂದೆ ಬಂದ ಸಚಿವರು ಯುವಾ ಸಾಲನ್ನು ಬೆಳೆಸಲಿಲ್ಲ. ದೆಹಲಿಗೆ ಸುಮಾರು 2,400 ಕಿ.ಮೀ. ದೂರದಲ್ಲಿರುವ ಬೆಂಗಳೂರಿಗೆ 399 ರೂಪಾಯಿಯ ದರ ಕಾಗದದ ಮೇಲೆ ಚೆನ್ನಾಗಿ ಹೊಂದುತ್ತಿತ್ತಾದರೂ ಅಂಥ ರೈಲು ಇಲ್ಲಿಗೆ ಬರಲೇ ಇಲ್ಲ.

ದುಡಿಯಲು ಹೊರಟವರನ್ನೇ ನೆಚ್ಚಿದ ಮತ್ತೊಂದು ರೈಲು ಬೆಂಗಳೂರಿಗೆ ಬಂದದ್ದು 2023ರ ಡಿಸೆಂಬರ್ 30ರಂದು ಚಾಲನೆಗೊಂಡ ಮೊದಲ ಎರಡು ಅಮೃತ್ ಭಾರತ್ ರೈಲುಗಳ ಪೈಕಿ ಒಂದಾಗಿ: ಪಶ್ಚಿಮ ಬಂಗಾಳದ ಮಾಲ್ಡಾ ಟೌನ್‌ನಿಂದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ಗೆ. ಅದರಲ್ಲಿ ಎ.ಸಿ. ಇರಲಿಲ್ಲ, ವಯಸ್ಸಿನ ಮೀಸಲಾತಿಯೂ ಇರಲಿಲ್ಲ. ಇದ್ದದ್ದು ಜನರಲ್ ಬೋಗಿಗಳು ಮತ್ತು ಮಲಗಿ ಹೋಗಲು ಸ್ಲೀಪರ್ ಬರ್ತ್‌ಗಳು.