ಮುಖಕ್ಕೆ ಯಾವ ಎಣ್ಣೆ? ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟು ನೋಡಿ

ಜನವರಿಯ ಚಳಿಯಲ್ಲಿ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬಾಟಲಿ ಬೆಳಿಗ್ಗೆ ಬಿಸಿನೀರಿನ ಚೊಂಬಿನಲ್ಲಿ ನಿಂತಿರುತ್ತದೆ, ಗಟ್ಟಿಯಾಗಿದ್ದು ಕರಗಲಿ ಅಂತ. ಪಕ್ಕದಲ್ಲಿರುವ ಸೂರ್ಯಕಾಂತಿ ಎಣ್ಣೆಗೆ ಈ ಉಪಚಾರ ಬೇಕಿಲ್ಲ. ಎರಡೂ ಎಣ್ಣೆಯೇ, ಎರಡಕ್ಕೂ ಒಂದೇ ಚಳಿ. ಆದರೂ ಒಂದು ಹೆಪ್ಪುಗಟ್ಟುತ್ತದೆ, ಇನ್ನೊಂದು ಹರಿಯುತ್ತದೆ. ಮುಖಕ್ಕೆ ಯಾವ ಎಣ್ಣೆ ಹಚ್ಚಲಿ ಅಂತ ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಚೊಂಬನ್ನೇ.

ಈ ಸಲ ಕೇಳಿದ್ದು ಅಕ್ಕನ ಮಗಳು. ಯಾವುದೋ ವಿಡಿಯೋ ನೋಡಿ ದುಬಾರಿ ಆಲಿವ್ ಎಣ್ಣೆ ತಂದು, ಮೂರು ವಾರ ರಾತ್ರಿ ಮಲಗುವಾಗ ಮುಖಕ್ಕೆ ಹಚ್ಚಿದ್ದಳು. ಮೂಗಿನ ಎರಡೂ ಪಕ್ಕ ಕೆಂಪಗಾಗಿ ಹೊಟ್ಟು ಏಳುತ್ತಿತ್ತು. "ನ್ಯಾಚುರಲ್ ಅಲ್ವಾ ಚಿಕ್ಕಮ್ಮ, ಅದು ಹೇಗೆ ತೊಂದರೆ ಮಾಡುತ್ತೆ?" ಅಂದಳು. ಈ ಮಾತು ಕೇಳಿದಾಗೆಲ್ಲ ನನಗೆ ತಳಮಳವಾಗುತ್ತದೆ. ಗೋಡಂಬಿ ಸಿಪ್ಪೆಯೊಳಗಿನ ಎಣ್ಣೆಯೂ ನ್ಯಾಚುರಲ್ಲೇ. ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ಗಿಡದಿಂದ ಬಂತು ಅನ್ನುವುದು ಎಣ್ಣೆಯ ಊರು ಹೇಳುತ್ತದೆ, ಗುಣ ಹೇಳುವುದಿಲ್ಲ.

ಅವತ್ತು ರಾತ್ರಿ ಇಬ್ಬರೂ ಸೇರಿ ಮೂರು ಪುಟ್ಟ ಸ್ಟೀಲ್ ಬಟ್ಟಲುಗಳಲ್ಲಿ ಎಣ್ಣೆ ಹಾಕಿ ಫ್ರಿಜ್‌ನಲ್ಲಿಟ್ಟೆವು. ಒಂದರಲ್ಲಿ ಕೊಬ್ಬರಿ, ಒಂದರಲ್ಲಿ ಗಾಣದ ಕಡಲೆಕಾಯಿ ಎಣ್ಣೆ, ಇನ್ನೊಂದರಲ್ಲಿ ಸೂರ್ಯಕಾಂತಿ. ಬೆಳಿಗ್ಗೆ ಕೊಬ್ಬರಿ ಎಣ್ಣೆಗೆ ಚಮಚ ತಾಗಿಸಿದರೆ ಟಕ್ ಅಂತ ಸದ್ದು, ಮೇಣದಬತ್ತಿಯ ಹಾಗೆ. ಕಡಲೆಕಾಯಿ ಎಣ್ಣೆ ಮಬ್ಬಾಗಿ, ಗಂಜಿಯಂತೆ ಮಂದವಾಗಿತ್ತು. ಸೂರ್ಯಕಾಂತಿ ಎಣ್ಣೆಯಲ್ಲಿ ಬಟ್ಟಲಿನ ತಳ ತಿಳಿಯಾಗಿ ಕಾಣುತ್ತಿತ್ತು.

ಎಣ್ಣೆ ಅಂದರೆ ಕೊಬ್ಬಿನಾಮ್ಲಗಳ ಉದ್ದುದ್ದ ಸರಪಳಿಗಳು. ಕೊಬ್ಬರಿ ಎಣ್ಣೆಯ ಹತ್ತಿರ ಹತ್ತಿರ ಅರ್ಧ ಭಾಗ ಲಾರಿಕ್ ಆಮ್ಲ. 12 ಇಂಗಾಲದ ನೆಟ್ಟಗಿನ ಸರಪಳಿ. ಪ್ಯಾಕೆಟ್‌ನಲ್ಲಿ ಊದುಬತ್ತಿ ಹೇಗೆ ಒತ್ತೊತ್ತಾಗಿ ಕೂರುತ್ತವೋ ಹಾಗೆ ಇವು ಕೂರುತ್ತವೆ. ಅದಕ್ಕೇ ಉಷ್ಣತೆ ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಗಟ್ಟಿ. ಓಲಿಯಿಕ್ ಆಮ್ಲದಲ್ಲಿ 18 ಇಂಗಾಲ, ನಡುವೆ ಒಂದು ಜೋಡಿಬಂಧ. ಆ ಜಾಗದಲ್ಲಿ ಸರಪಳಿ ಸೊಟ್ಟ. ಲಿನೋಲಿಯಿಕ್ ಆಮ್ಲಕ್ಕೂ 18 ಇಂಗಾಲ, ಆದರೆ ಎರಡು ಸೊಟ್ಟ. ಪೊರಕೆ ಕಡ್ಡಿಗಳನ್ನು ಒಂದೊಂದು ಕಡೆ ಬಗ್ಗಿಸಿ ಕಟ್ಟಿ ನೋಡಿ, ಕಟ್ಟು ಸಡಿಲವಾಗುತ್ತದೆ. ಎರಡೆರಡು ಕಡೆ ಬಗ್ಗಿಸಿದರೆ ಕಟ್ಟಲಿಕ್ಕೇ ಆಗುವುದಿಲ್ಲ. ಆಲಿವ್ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಒಂದು ಸೊಟ್ಟಿನ ಓಲಿಯಿಕ್. ಕಡಲೆಕಾಯಿ ಎಣ್ಣೆಯಲ್ಲೂ ಅದರದ್ದೇ ಮೇಲುಗೈ. ಸೂರ್ಯಕಾಂತಿಯಲ್ಲಿ ಎರಡು ಸೊಟ್ಟಿನ ಲಿನೋಲಿಯಿಕ್ ಹೆಚ್ಚು.

ಈಗ ಚರ್ಮಕ್ಕೆ ಬರೋಣ. ನಮ್ಮ ಹೊರಪದರ ಕಾಗದದ ಹಾಳೆಗಿಂತ ತೆಳು. ಸತ್ತ ಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ. ನೀರು ಹೊರಗೆ ಹೋಗದಂತೆ ತಡೆಯುವುದು ಮುಖ್ಯವಾಗಿ ಈ ಗಾರೆಯೇ. ಅದರೊಳಗೆ ಕೊಬ್ಬಿನ ಸರಪಳಿಗಳು ಶಿಸ್ತಾಗಿ ಸಾಲು ನಿಂತಿರುತ್ತವೆ. ಹಚ್ಚಿದ ಎಣ್ಣೆಯನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಒಡೆದು ಕೊಬ್ಬಿನಾಮ್ಲಗಳನ್ನು ಬಿಡಿಸುತ್ತವೆ. ಹಾಗೆ ಬಿಡುಗಡೆಯಾದ ಓಲಿಯಿಕ್ ಆ ಸಾಲಿಗೆ ನುಗ್ಗಿದರೆ, ತುಂಬಿದ ಬಸ್ಸಿನಲ್ಲಿ ಯಾರೋ ಮೊಣಕೈ ಚಾಚಿ ನಿಂತ ಹಾಗೆ. ಸುತ್ತಲಿನವರೆಲ್ಲ ಸರಿದು ಜಾಗ ಬಿಡಬೇಕಾಗುತ್ತದೆ, ಸಂದು ಬೀಳುತ್ತದೆ. ಔಷಧಿ ಚರ್ಮದೊಳಗೆ ಇಳಿಯಲಿ ಅಂತ ವಿಜ್ಞಾನಿಗಳು ಓಲಿಯಿಕ್ ಬಳಸುವುದು ಇದೇ ಗುಣಕ್ಕಾಗಿ.

ಹಾಗಾದರೆ ಎರಡು ಸೊಟ್ಟಿನ ಲಿನೋಲಿಯಿಕ್ ಇನ್ನೂ ಜಾಸ್ತಿ ಹಾಳು ಮಾಡಬೇಕಲ್ವಾ? ಇಲ್ಲೇ ನನಗೆ ತುಂಬಾ ಇಷ್ಟವಾದ ಕಥೆ ಇರುವುದು.

1929ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ ಜಾರ್ಜ್ ಬರ್ ಮತ್ತು ಅವರ ಪತ್ನಿ ಮಿಲ್ಡ್ರೆಡ್ ಬರ್ ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ಕೊಟ್ಟು ಸಾಕಿದರು. ಕೊಬ್ಬು ಬರೀ ಶಕ್ತಿಗೆ, ಸಕ್ಕರೆಯಿಂದಲೂ ಆ ಶಕ್ತಿ ಸಿಗುತ್ತದೆ ಅನ್ನುವುದು ಆಗಿನ ನಂಬಿಕೆ. ಇಲಿಗಳ ಚರ್ಮ ಹೊಪ್ಪಳೆ ಎದ್ದಿತು, ಬಾಲದ ತುದಿ ಊದಿಕೊಂಡಿತು. ಅವು ಬೇಕಾಬಿಟ್ಟಿ ನೀರು ಕುಡಿಯುತ್ತಿದ್ದವು, ಮೂತ್ರ ಮಾತ್ರ ಅದಕ್ಕೆ ತಕ್ಕಷ್ಟು ಹೆಚ್ಚಲಿಲ್ಲ. ಕುಡಿದ ನೀರು ಚರ್ಮದಿಂದಲೇ ಆವಿಯಾಗುತ್ತಿತ್ತು. ಗಾರೆ ಸೋರುತ್ತಿತ್ತು! ಲಿನೋಲಿಯಿಕ್ ಆಮ್ಲ ಕೊಟ್ಟಾಗ ಚೇತರಿಸಿಕೊಂಡವು. ಆಮೇಲೆ ತಿಳಿದದ್ದು ಇಷ್ಟು: ಚರ್ಮ ಲಿನೋಲಿಯಿಕ್ ಅನ್ನು ಸೆರಮೈಡ್ ಅನ್ನುವ ಒಂದು ಬಗೆಯ ಉದ್ದನೆಯ ಕೊಬ್ಬಿಗೆ ಜೋಡಿಸಿ, ಗಾರೆಯ ಪದರಗಳನ್ನು ಹಿಡಿದಿಡುವ ಮೊಳೆಯ ಹಾಗೆ ಬಳಸುತ್ತದೆ. ಲಿನೋಲಿಯಿಕ್ ಅನ್ನು ನಮ್ಮ ದೇಹ ತಾನೇ ತಯಾರಿಸಲಾರದು. ಓಲಿಯಿಕ್ ಬೇಕಾದಷ್ಟು ಮಾಡಿಕೊಳ್ಳುತ್ತದೆ.

2013ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಸೈಮನ್ ಡಾನ್‌ಬಿ ಮತ್ತು ಸಂಗಡಿಗರು ಇದನ್ನು ಮನುಷ್ಯರ ಮುಂಗೈ ಮೇಲೇ ಪರೀಕ್ಷಿಸಿದರು. ದಿನಕ್ಕೆ ಎರಡು ಸಲ, ಕೆಲವು ವಾರ. ಆಲಿವ್ ಎಣ್ಣೆ ಹಚ್ಚಿದ ಕಡೆ ಚರ್ಮದ ತಡೆ ದುರ್ಬಲವಾಗಿ, ಸಣ್ಣಗೆ ಕೆಂಪಾಯಿತು. ಸೂರ್ಯಕಾಂತಿ ಹಚ್ಚಿದ ಕಡೆ ತಡೆ ಉಳಿಯಿತು, ತೇವವೂ ಹೆಚ್ಚಿತು. ಅದಕ್ಕೂ ಮುಂಚೆ ಢಾಕಾದ ಮಕ್ಕಳ ಆಸ್ಪತ್ರೆಯಲ್ಲಿ ಅವಧಿಗೆ ಮೊದಲೇ ಹುಟ್ಟಿದ ಶಿಶುಗಳಿಗೆ ಸೂರ್ಯಕಾಂತಿ ಎಣ್ಣೆ ಸವರಿದಾಗ, ಆಸ್ಪತ್ರೆಯಲ್ಲಿ ತಗಲುವ ಸೋಂಕಿನ ಸಾಧ್ಯತೆ 41% ಕಡಿಮೆಯಾಗಿತ್ತು. 2005ರಲ್ಲಿ ಪ್ರಕಟವಾದ ಫಲಿತಾಂಶ ಇದು. ಗಾರೆ ಗಟ್ಟಿಯಿದ್ದರೆ ರೋಗಾಣುಗಳಿಗೂ ದಾರಿ ಸಿಗುವುದಿಲ್ಲ.

ಒಣ ಚರ್ಮದವರಿಗೆ ಹಾಗಾಗಿ ಸೂರ್ಯಕಾಂತಿ, ಇಲ್ಲವೇ ಕುಸುಬೆ ಎಣ್ಣೆ. ಸಾಮಾನ್ಯ ಕುಸುಬೆಯಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಯಿಕ್. ಉತ್ತರ ಕರ್ನಾಟಕದ ಹೊಲಗಳಲ್ಲೇ ಬೆಳೆಯುವ ಈ ಮುಳ್ಳಿನ ಗಿಡವನ್ನು ಬಿಟ್ಟು ನಾವು ಹೊರದೇಶದ ಪುಟ್ಟ ಬಾಟಲಿಗೆ ಸಾವಿರಾರು ರೂಪಾಯಿ ಕೊಡುತ್ತೇವೆ. ಲೇಬಲ್ ಮೇಲೆ 'ಹೈ ಓಲಿಯಿಕ್' ಅಂತಿದ್ದರೆ ಮಾತ್ರ ಬೇಡ. ಅದು ಹೆಸರಿಗೆ ಸೂರ್ಯಕಾಂತಿ, ಗುಣದಲ್ಲಿ ಆಲಿವ್‌ಗೆ ಹತ್ತಿರ. ಕೊಬ್ಬರಿ ಎಣ್ಣೆ ಒಣಗಿದ ಕೈಕಾಲಿಗೆ ಒಳ್ಳೆಯದೇ, ಕೆಲವರಿಗೆ ಮುಖದಲ್ಲಿ ಮೊಡವೆ ತರಿಸುತ್ತದೆ.

ಎಣ್ಣೆ ಚರ್ಮದವರಿಗೆ ಎಣ್ಣೆ ಬೇಕೇ ಬೇಕು ಅಂತಿಲ್ಲ. ಮೊಡವೆ ಇರುವವರ ಚರ್ಮದ ಜಿಡ್ಡಿನಲ್ಲಿ ಲಿನೋಲಿಯಿಕ್ ಕಡಿಮೆ ಇರುವುದು ಕಂಡಿದೆ, ಅದಕ್ಕೇ ಹಚ್ಚುವುದಾದರೆ ಅದು ಹೆಚ್ಚಿರುವ ಎಣ್ಣೆಯೇ ಇರಲಿ. ಹೊಹೊಬಾ ಅನ್ನುವ ಮರುಭೂಮಿ ಗಿಡದ ಬೀಜದ ಎಣ್ಣೆ ಕೂಡ ಆದೀತು. ಅದು ಹೆಸರಿಗೆ ಎಣ್ಣೆ, ನಿಜಕ್ಕೂ ದ್ರವರೂಪದ ಮೇಣ. ನಮ್ಮ ಜಿಡ್ಡಿನಲ್ಲೂ ಅಂಥ ಮೇಣ ಇದೆ. ರಂಧ್ರ ಮುಚ್ಚುವ ಎಣ್ಣೆಗಳಿಗೆ 0ಯಿಂದ 5ರವರೆಗೆ ಅಂಕ ಕೊಟ್ಟ ಪಟ್ಟಿಗಳನ್ನು ನೀವು ನೋಡಿರಬಹುದು. ಅದರ ಬಹುಪಾಲು ಅಂಕ ಮೊಲದ ಕಿವಿಯ ಮೇಲೆ ಮಾಡಿದ ಪರೀಕ್ಷೆಯಿಂದ ಬಂದದ್ದು. ಮೊಲದ ಕಿವಿ ನಮ್ಮ ಮುಖಕ್ಕಿಂತ ಬೇಗ ಮುನಿಸಿಕೊಳ್ಳುತ್ತದೆ.

ನಿಂಬೆ ಸಿಪ್ಪೆಯಿಂದ ಹಿಂಡಿದ ಸುಗಂಧದ ಎಣ್ಣೆಯಂಥವನ್ನು ಮುಖಕ್ಕೆ ಹಚ್ಚಿ ಬಿಸಿಲಿಗೆ ಹೋಗಲೇಬೇಡಿ. ಅದರೊಳಗಿನ ರಾಸಾಯನಿಕಗಳು ಬಿಸಿಲು ತಾಗಿದಾಗ ಚರ್ಮ ಸುಡುತ್ತವೆ, ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಎಣ್ಣೆಯಲ್ಲಿ ನೀರಿಲ್ಲ. ಇರುವ ನೀರನ್ನು ಅದು ಹಿಡಿದಿಡುತ್ತದೆ ಅಷ್ಟೆ. ಮುಖ ತೊಳೆದು, ಪೂರ್ತಿ ಒರೆಸದೆ, ಆ ಪಸೆಯ ಮೇಲೆ ಎರಡು ಮೂರು ಹನಿ ಸಾಕು. ಹೊಸ ಎಣ್ಣೆಯಾದರೆ ಮೊದಲು ಕೆಲವು ದಿನ ಮೊಣಕೈ ಒಳಗೆ ಹಚ್ಚಿ ನೋಡಿ.

ಅಕ್ಕನ ಮಗಳ ಮೂಗಿನ ಪಕ್ಕದ ಹೊಟ್ಟು ಬೇರೆಯದೇ ಸಂಗತಿಯಾಗಿತ್ತು. ನೋಡಿದ ಚರ್ಮವೈದ್ಯರು ಮಲಾಸೀಜಿಯಾ ಅಂದರು, ತಲೆಹೊಟ್ಟಿನ ಹಿಂದಿರುವ ಅದೇ ಶಿಲೀಂಧ್ರ. ಕೊಬ್ಬಿನಾಮ್ಲಗಳನ್ನು ತಾನೇ ಮಾಡಿಕೊಳ್ಳಲಾಗದ ಈ ಜೀವಿ ನಮ್ಮ ಜಿಡ್ಡನ್ನೇ ತಿಂದು ಬದುಕುತ್ತದೆ. ಲ್ಯಾಬಿನಲ್ಲಿ ಇದನ್ನು ಬೆಳೆಸಬೇಕಾದರೆ ಮೇಲೆ ಆಲಿವ್ ಎಣ್ಣೆ ಸುರಿಯುವುದು ಹಳೆಯ ಪದ್ಧತಿ. ಮೂರು ವಾರ ಅವಳು ದಿನಾ ರಾತ್ರಿ ಅದಕ್ಕೆ ಊಟ ಬಡಿಸಿದ್ದಳು. ಅಂಥ ಜಾಗಕ್ಕೆ ಸೂರ್ಯಕಾಂತಿಯೂ ಬೇಡ, ಯಾವ ಅಡುಗೆ ಎಣ್ಣೆಯೂ ಬೇಡ. ಕೊಟ್ಟ ಮುಲಾಮಿನಿಂದ ವಾಸಿಯಾಯಿತು.

ಈಗ ಅವಳು ಚಳಿಗೆ ಬಿರಿಯುವ ಮೊಣಕಾಲು, ಮುಂಗೈಗೆ ಮಾತ್ರ ಕುಸುಬೆ ಎಣ್ಣೆ ಹಚ್ಚುತ್ತಾಳೆ. ಎರಡು ಸೊಟ್ಟಿನ ಸರಪಳಿಗೆ ಗಾಳಿ, ಬೆಳಕು ತಾಗಿದರೆ ಬೇಗ ಕಮಟು ವಾಸನೆ ಬರುತ್ತದೆ. ಅದಕ್ಕೇ ಸಣ್ಣ ಬಾಟಲಿಯಲ್ಲಿ ತುಂಬಿ ಫ್ರಿಜ್ ಬಾಗಿಲಲ್ಲಿ, ಮೊಸರಿನ ಪಕ್ಕ ಇಟ್ಟಿದ್ದಾಳೆ. ಅಲ್ಲೂ ಅದು ಹೆಪ್ಪುಗಟ್ಟುವುದಿಲ್ಲ. ಯಾಕೆ ಅಂತ ಈಗ ಅವಳೇ ಬಂದವರಿಗೆಲ್ಲ ಪೊರಕೆ ಕಡ್ಡಿ ಬಗ್ಗಿಸಿ ತೋರಿಸುತ್ತಾಳೆ.