ನಾಬ್ ಎಲ್ಲಾ 12 ಗಂಟೆಗೆ ಇಟ್ಟರೂ ಹೈ-ಗೇನ್ ಆಂಪ್‌ಗಳ ದನಿ ಬೇರೆ ಬೇರೆ ಯಾಕೆ?

ಬೆಳಗಾವಿಯ ತಿಲಕವಾಡಿಯಿಂದ ಓದುಗರೊಬ್ಬರು ಕೇಳಿದ್ದಾರೆ: "ಸರ್, ಕಂಪ್ಯೂಟರ್‌ನಾಗ ಮೂರು ಆಂಪ್ ಹಾಕ್ಕೊಂಡು ಹೋಲಿಸಿ ನೋಡಿದೆ. ಗಿಟಾರ್ ಒಂದ, ರಿಫ್ ಒಂದ, ಎಲ್ಲಾ ನಾಬ್ ನಟ್ಟನಡುವ ಇಟ್ಟಿದ್ದೆ. ಆದ್ರೂ ಜೆಸಿಎಂ800 ಚುಚ್ಚಿದಂಗ ಕೇಳಸ್ತದ, ರೆಕ್ಟಿಫೈಯರ್ ಗುಂಯ್ ಅಂತದ, 5150 ಇನ್ನೊಂದ್ ಥರಾ. ಹಿಂಗ್ಯಾಕ? ಇದರಾಗ ಯಾವ್ದು ಚಲೋ?"

ಮೂರೂ ಹೈ-ಗೇನ್, ಅಂದರೆ ಸಿಗ್ನಲನ್ನು ವಿಪರೀತ ಹಿಗ್ಗಿಸಿ ದನಿ ಒಡೆಯುವ ಗಿಟಾರ್ ಆಂಪ್‌ಗಳು: ಮಾರ್ಷಲ್‌ನ ಜೆಸಿಎಂ800, ಮೆಸಾದ ರೆಕ್ಟಿಫೈಯರ್, ಪೀವಿಯ 5150. ಹೋಲಿಸುವವರು ಹೆಚ್ಚಾಗಿ ಮಾಡುವುದೇ ಇದನ್ನು. ಎಲ್ಲಾ ನಾಬ್ 12 ಗಂಟೆಗೆ, ಅಂದರೆ ನಟ್ಟನಡುವೆ, ಇಟ್ಟರೆ ಯಾರಿಗೂ ಅನ್ಯಾಯ ಆಗಲ್ಲ ಅಂತ ಅನಿಸುತ್ತದೆ. ಆದರೆ ಒಂದು ಆಂಪ್‌ನ 12 ಗಂಟೆಗೂ ಇನ್ನೊಂದರ 12 ಗಂಟೆಗೂ ಸಂಬಂಧವೇ ಇಲ್ಲ. 5150ರ ಗೇನ್ ಅಷ್ಟೊತ್ತಿಗೆ ತುಂಬಿ ಹೋಗಿರುತ್ತದೆ, ಜೆಸಿಎಂ800 ಇನ್ನೂ ಬಿಸಿಯಾಗುತ್ತಿರುತ್ತದೆ. ಬಾಸ್ ನಾಬ್ ಅಂತೂ ಕೆಲವು ಆಂಪ್‌ಗಳಲ್ಲಿ ಡಿಸ್ಟಾರ್ಷನ್‌ಗೆ (ದನಿ ಒಡೆಯುವುದಕ್ಕೆ) ಮೊದಲು ಕೆಲಸ ಮಾಡುತ್ತದೆ, ಕೆಲವುಗಳಲ್ಲಿ ಆಮೇಲೆ. ನನ್ನ ಪ್ರಕಾರ ವ್ಯತ್ಯಾಸದ ಬೇರು ಇಲ್ಲೇ ಇದೆ. ದನಿ ಒಡೆಯುವ ಮೊದಲು ಬಾಸನ್ನು ಎಷ್ಟು ಕತ್ತರಿಸಿದ್ದಾರೆ, ಒಡೆದ ಮೇಲೆ ಎಷ್ಟು ವಾಪಸ್ ಕೊಟ್ಟಿದ್ದಾರೆ, ಅದನ್ನು ನೋಡಬೇಕು.

ಗಿಟಾರಿನ ದಪ್ಪ ಇ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ಆಂಪ್‌ನೊಳಗೆ ಸಿಗ್ನಲ್ ಹಿಗ್ಗಿಸುವ ಟ್ಯೂಬ್‌ಗೆ (ಗಾಜಿನ ವಾಲ್ವ್) ತಡೆಯಲಾಗದಷ್ಟು ಸಿಗ್ನಲ್ ಕೊಟ್ಟರೆ ಅಲೆಯ ತಲೆ ಚಪ್ಪಟೆ ಆಗುತ್ತದೆ. ಆಗ 164, 246, 328 ಹರ್ಟ್ಸ್ ಹೀಗೆ ಮೇಲಿನ ಸ್ವರಾಂಶಗಳು ಬಲಿಯುತ್ತಾ ಹೋಗುತ್ತವೆ. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗಿನ ದಾರವನ್ನು ಕೂದಲೆಳೆಯಷ್ಟು ಸರಿಸಿದರೆ ಶ್ರುತಿ ಅದೇ ಇದ್ದು ದನಿ ಬಿಚ್ಚಿಕೊಳ್ಳುತ್ತದೆ ಅಲ್ವಾ? ಮಿರಜ್‌ನಿಂದ ತಂಬೂರಿ ತರಿಸುವ ನಮ್ಮೂರಿನ ಗಾಯಕರಿಗೆ ಇದು ಚೆನ್ನಾಗಿ ಗೊತ್ತು. ಸ್ವರ ಬದಲಾಗದೆ ಸ್ವರದ ಬಣ್ಣ ಬದಲಾಗುವುದು ಇಲ್ಲೂ ಹಾಗೇ.

ತೊಂದರೆ ಏನೆಂದರೆ, ಕೆಳಗಿನ ಸ್ವರಗಳಿಗೆ ಬಲ ಜಾಸ್ತಿ. ಬಾಸ್ ಅಲೆ ಟ್ಯೂಬನ್ನು ಮೇಲಕ್ಕೂ ಕೆಳಕ್ಕೂ ಅಂಚಿನವರೆಗೆ ತಳ್ಳಿದಾಗ, ಅದರ ಮೇಲೆ ಕೂತ ಸಣ್ಣ ಅಲೆಗಳು ಅಳಿಸಿ ಹೋಗುತ್ತವೆ. ಪಾಮ್ ಮ್ಯೂಟ್ ಮಾಡಿ, ಅಂದರೆ ತಂತಿಯ ಮೇಲೆ ಅಂಗೈಯ ಅಂಚು ಒತ್ತಿಟ್ಟು, ಬೇಗ ಬಾರಿಸಿದರೆ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳಬೇಕು. ಬಾಸ್ ಜಾಸ್ತಿ ಇದ್ದರೆ ಏಟುಗಳು ಒಂದಕ್ಕೊಂದು ಅಂಟಿಕೊಂಡು ಎಲ್ಲಾ ರಾಡಿ ಆಗುತ್ತದೆ. ಅದಕ್ಕೇ ಹೈ-ಗೇನ್ ಆಂಪ್ ಕಟ್ಟುವ ಪ್ರತಿಯೊಬ್ಬರೂ ಮೊದಲ ಹಂತಗಳಲ್ಲೇ ಬಾಸಿಗೆ ಕತ್ತರಿ ಹಾಕುತ್ತಾರೆ. ಎಷ್ಟು, ಎಲ್ಲಿ ಅನ್ನುವುದು ಅವರವರ ರುಚಿ.

ಮಾರ್ಷಲ್ ಕತ್ತರಿಸುವುದು ಜಾಸ್ತಿ. ಅವರ ಮೊದಲ ಆಂಪ್ ಜೆಟಿಎಂ45 ತಯಾರಾಗಿದ್ದು 1962ರಲ್ಲಿ ಲಂಡನ್‌ನಲ್ಲಿ, ಫೆಂಡರ್ ಬಾಸ್‌ಮನ್‌ನ ಸರ್ಕ್ಯೂಟ್ ನೋಡಿಕೊಂಡು. ಮಾಸ್ಟರ್ ವಾಲ್ಯೂಮ್ ಇರುವ 2203 ಮಾಡೆಲ್ ಬಂದಿದ್ದು 1975ರಲ್ಲಿ, ಅದಕ್ಕೆ ಜೆಸಿಎಂ800 ಅಂತ ಹೆಸರಾಗಿದ್ದು 1981ರಲ್ಲಿ. ಇದರ ಮೊದಲ ಹಂತದಲ್ಲಿ ಟ್ಯೂಬಿನ ಕ್ಯಾಥೋಡ್‌ಗೆ ಹಾಕಿದ ಕೆಪಾಸಿಟರ್ ಬರೀ 0.68 ಮೈಕ್ರೋಫ್ಯಾರಡ್. ಫೆಂಡರ್ ಆಂಪ್‌ಗಳಲ್ಲಿ ಅದೇ ಜಾಗದಲ್ಲಿ 25 ಹಾಕುವುದು ರೂಢಿ. ಕೆಪಾಸಿಟರ್ ಇಷ್ಟು ಚಿಕ್ಕದಾದಾಗ ಮಿಡ್ ಮತ್ತು ಟ್ರೆಬಲ್‌ಗೆ ಸಿಗುವಷ್ಟು ಗೇನ್ ಬಾಸಿಗೆ ಸಿಗುವುದಿಲ್ಲ. ನಿಮ್ಮ ಕಿವಿಗೆ "ಚುಚ್ಚಿದಂಗ" ಕೇಳಿಸಿದ್ದು ಇದೇ. ಮನೆಯಲ್ಲಿ ಒಬ್ಬರೇ ಬಾರಿಸುವಾಗ ಅದು ಕರ್ಕಶ ಅನಿಸಬಹುದು. ಡ್ರಮ್ಸ್, ಬಾಸ್ ಗಿಟಾರ್ ಜೊತೆ ಸೇರಿದಾಗ ಅದೇ ದನಿ ಎದ್ದು ಕೇಳುತ್ತದೆ.

ರೆಕ್ಟಿಫೈಯರ್ ಬೇರೆ ಮನೆತನ. 1987ರಲ್ಲಿ ಆಂಪ್ ತಯಾರಕ ಮೈಕ್ ಸೋಲ್ಡಾನೋ ಎಸ್‌ಎಲ್‌ಓ-100 ಆಂಪ್ ತಂದರು. 1990ರ ದಶಕದ ಶುರುವಿನಲ್ಲಿ ಬಂದ ಮೆಸಾ ಡ್ಯುಯಲ್ ರೆಕ್ಟಿಫೈಯರ್, 1992ರ ಪೀವಿ 5150 ಎರಡರ ಸರ್ಕ್ಯೂಟ್ ಬಿಡಿಸಿ ನೋಡಿದರೂ ಸೋಲ್ಡಾನೋದ ಹತ್ತಿರದ ಸಂಬಂಧಿಕರು ಅಂತ ಗೊತ್ತಾಗುತ್ತದೆ. ಆದರೂ ದನಿ ಒಂದೇ ಅಲ್ಲ. ರೆಕ್ಟಿಫೈಯರ್ ಕೆಳಗಿನ ದನಿಯನ್ನು ಧಾರಾಳವಾಗಿ ಒಳಗೆ ಬಿಡುತ್ತದೆ. ಮೇಲಿಂದ ಮಾಡರ್ನ್ ಮೋಡ್‌ನಲ್ಲಿ, ಸ್ಪೀಕರ್ ನಡೆಸುವ ಕೊನೆಯ ಹಂತವಾದ ಪವರ್ ಆಂಪ್‌ನ ನೆಗೆಟಿವ್ ಫೀಡ್‌ಬ್ಯಾಕ್ ತೆಗೆದುಬಿಟ್ಟಿದ್ದಾರೆ. ಸ್ಪೀಕರನ್ನು ಬಿಗಿಯಾಗಿ ಹಿಡಿದಿಡುವುದು ಆ ಫೀಡ್‌ಬ್ಯಾಕ್. ಅದು ಹೋದರೆ ಏಟು ಮುಗಿದ ಮೇಲೂ ಸ್ಪೀಕರ್ ಕೆಳಗಿನ ಸ್ವರದಲ್ಲಿ ಇನ್ನೊಂದಿಷ್ಟು ಅಲುಗುತ್ತದೆ. ನೀವು ಹೇಳಿದ ಗುಂಯ್ ಬರುವುದು ಇಲ್ಲಿಂದ.

5150 ರಾಕ್ ಗಿಟಾರ್ ವಾದಕ ಎಡ್ಡೀ ವ್ಯಾನ್ ಹೇಲನ್ ಜೊತೆ ಸೇರಿ ಮಾಡಿದ ಆಂಪ್. ನಾಲ್ಕು 6ಎಲ್6 ಟ್ಯೂಬ್, 120 ವ್ಯಾಟ್. ಅವರು ಪೀವಿ ಬಿಟ್ಟ ಮೇಲೆ ಅದೇ ಆಂಪ್‌ಗೆ 6505 ಅಂತ ಹೆಸರಾಯಿತು. ಇದರಲ್ಲಿ ಗೇನ್ ವಿಪರೀತ. ಲೀಡ್ ಚಾನೆಲ್‌ನಲ್ಲಿ 3 ಅಥವಾ 4 ದಾಟಿದರೆ ದನಿಗಿಂತ ಹಿಸ್ ಶಬ್ದವೇ ಬೆಳೆಯುತ್ತದೆ. ನಟ್ಟನಡುವೆ ಇಟ್ಟು ಹೋಲಿಸಿದಾಗ ಈ ಆಂಪ್‌ಗೇ ಹೆಚ್ಚು ಅನ್ಯಾಯ ಆಗಿರಬೇಕು.

ರೆಕ್ಟಿಫೈಯರ್‌ಗೂ 5150ಗೂ ಮುಂದೆ ಹಸಿರು ಟ್ಯೂಬ್ ಸ್ಕ್ರೀಮರ್ ಪೆಡಲ್ ಇಡುವುದನ್ನು ನೀವು ನೋಡಿರಬಹುದು. ಡ್ರೈವ್ ಸೊನ್ನೆಗೆ, ಲೆವೆಲ್ ಪೂರ್ತಿ. ಗೇನ್ ಮೊದಲೇ ಇಷ್ಟಿರುವಾಗ ಇನ್ನೊಂದು ಪೆಡಲ್ ಯಾಕೆ ಅಂತ ಕೇಳುವವರಿದ್ದಾರೆ. ಆ ಪೆಡಲ್ ಸುಮಾರು 720 ಹರ್ಟ್ಸ್ ಸುತ್ತಲಿನ ಮಿಡ್ ಎತ್ತಿ, ಅದಕ್ಕಿಂತ ಕೆಳಗಿನದನ್ನು ಇಳಿಸುತ್ತದೆ. ಅಂದರೆ ಮಾರ್ಷಲ್ ತನ್ನೊಳಗೇ ಹಾಕಿದ ಕತ್ತರಿಯನ್ನು ಇಲ್ಲಿ ಹೊರಗಿನಿಂದ ಹಾಕುತ್ತೇವೆ, ಅಷ್ಟೇ. ಪೆಡಲ್ ಆನ್ ಮಾಡಿ ಅದೇ ಪಾಮ್ ಮ್ಯೂಟ್ ಬಾರಿಸಿ. ಒಂದೇ ಕ್ಷಣದಲ್ಲಿ ಏಟುಗಳು ಬಿಡಿಯಾಗುವುದು ಕೇಳುತ್ತದೆ.

ಮೆಸಾದ ಮಾರ್ಕ್ ಸರಣಿಯನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು, ಯಾಕೆಂದರೆ ಅದರಲ್ಲಿ ಎಲ್ಲಾ ತಿರುವುಮುರುವು. ಬಾಸ್, ಮಿಡ್, ಟ್ರೆಬಲ್ ನಾಬ್‌ಗಳು ಡಿಸ್ಟಾರ್ಷನ್‌ಗೆ ಮೊದಲೇ ಇವೆ. ಹಾಗಾಗಿ ಬಾಸ್ ನಾಬನ್ನು 1 ಅಥವಾ 2ರಲ್ಲಿ ಇಟ್ಟು, ಕಳೆದದ್ದನ್ನು ಕೊನೆಯಲ್ಲಿರುವ ಐದು ಸ್ಲೈಡರ್‌ಗಳಿಂದ ವಾಪಸ್ ತರುತ್ತಾರೆ. ಅವು 80, 240, 750, 2200, 6600 ಹರ್ಟ್ಸ್‌ನಲ್ಲಿ ಇವೆ. ಈ ಆಂಪ್‌ನ ಬಾಸ್ 12 ಗಂಟೆಗೆ ಇಟ್ಟು "ಚಲೋ ಇಲ್ಲ" ಅಂದವರು ಬಹಳ ಜನ.

ಇಎಲ್34 ಟ್ಯೂಬ್ ಅಂದರೆ ಬ್ರಿಟಿಷ್ ದನಿ, 6ಎಲ್6 ಅಂದರೆ ಅಮೆರಿಕನ್ ದನಿ ಅನ್ನುವ ಮಾತಿಗೆ ನಾನು ಹೆಚ್ಚು ತೂಕ ಕೊಡುವುದಿಲ್ಲ. ಮನೆಯ ವಾಲ್ಯೂಮ್‌ನಲ್ಲಿ ಪವರ್ ಟ್ಯೂಬ್‌ಗಳು ಬೆವರುವುದೇ ಇಲ್ಲ.

ಸ್ಪೀಕರ್ ಮಾತ್ರ ಬಹಳ ದೊಡ್ಡ ವಿಷಯ. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್ ಆದ ಮೇಲೆ ಬೇಗ ಇಳಿದುಬಿಡುತ್ತದೆ. ಅದಿಲ್ಲದೆ ಹೈ-ಗೇನ್ ದನಿ ಬರೀ ಜೇನುನೊಣದ ಗುಂಪು. ಸೆಲೆಸ್ಟಿಯನ್ ವಿಂಟೇಜ್ 30 ಮೇಲಿನ ಮಿಡ್ ಎತ್ತಿ ತೋರಿಸುತ್ತದೆ, 25 ವ್ಯಾಟ್‌ನ ಗ್ರೀನ್‌ಬ್ಯಾಕ್ ಮೆತ್ತಗೆ ಮಾತಾಡುತ್ತದೆ. ಎಸ್‌ಎಂ57 ಮೈಕನ್ನು ಕೋನಿನ ನಡುವಿನಿಂದ ಎರಡು ಬೆರಳಗಲ ಅಂಚಿನ ಕಡೆ ಸರಿಸಿದರೂ ಸಾಕು, ಆಂಪ್ ಬದಲಾಯಿಸಿದಷ್ಟು ಫರಕ್ ಆಗುತ್ತದೆ. ಸಾಫ್ಟ್‌ವೇರ್‌ಗಳಲ್ಲಿ ಪ್ರತಿ ಆಂಪ್‌ಗೂ ಅದರದೇ ಕ್ಯಾಬ್ (ಸ್ಪೀಕರ್ ಪೆಟ್ಟಿಗೆ) ಜೋಡಿಸಿ ಕೊಟ್ಟಿರುತ್ತಾರೆ. ಹಾಗಾಗಿ ನೀವು ಆಂಪ್ ಹೋಲಿಸುತ್ತಿದ್ದೇನೆ ಅಂದುಕೊಂಡು ಸ್ಪೀಕರ್ ಹೋಲಿಸಿರುವ ಸಾಧ್ಯತೆ ಜಾಸ್ತಿ.

ಆದ್ದರಿಂದ ಹೀಗೆ ಮಾಡಿ. ರಿಫನ್ನು ಆಂಪ್ ಇಲ್ಲದೆ ಒಂದು ಸಲ ರೆಕಾರ್ಡ್ ಮಾಡಿಕೊಂಡು ಅದನ್ನೇ ಮೂರಕ್ಕೂ ಕೊಡಿ. ಮೂರರ ಕ್ಯಾಬ್ ಬಂದ್ ಮಾಡಿ, ಒಂದೇ ಐಆರ್ ಫೈಲ್ (ಸ್ಪೀಕರ್ ಮತ್ತು ಮೈಕಿನ ದನಿಯ ಅಚ್ಚು) ಹಾಕಿ. ಗೇನ್ ನಾಬ್‌ನ ಅಂಕಿ ನೋಡಬೇಡಿ. ಒಂದು ಸ್ವರ ಹಿಡಿದರೆ ಮೂರರಲ್ಲೂ ಸುಮಾರು ಅಷ್ಟೇ ಹೊತ್ತು ನಿಲ್ಲುವಂತೆ ತಿರುಗಿಸಿ. ಕೊನೆಗೆ ಮೂರರ ಜೋರನ್ನೂ ಮೀಟರ್ ನೋಡಿ ಸಮ ಮಾಡಿ. ಇದನ್ನು ಬಿಡಲೇಬೇಡಿ. ಒಂದು ಡೆಸಿಬೆಲ್ ಜೋರಾಗಿದ್ದರೂ ಕಿವಿ ಅದನ್ನೇ ಚಲೋ ಅನ್ನುತ್ತದೆ. ದನಿ ಸಣ್ಣದಾದಷ್ಟೂ ನಮ್ಮ ಕಿವಿಗೆ ಬಾಸ್ ಕಡಿಮೆ ಕೇಳುತ್ತದೆ ಅಂತ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ತೋರಿಸಿದ್ದಾರೆ. ರಾತ್ರಿ ಮನೆಯವರಿಗೆ ತೊಂದರೆ ಆಗದಂತೆ ಸಣ್ಣ ದನಿಯಲ್ಲಿ ಬಾರಿಸುತ್ತಾ, ಬಾಸ್ ಏರಿಸಿ ಮಿಡ್ ಇಳಿಸಿ ಮಾಡಿದ ಸೆಟ್ಟಿಂಗು ಕಾಲೇಜ್ ಫೆಸ್ಟ್‌ನಲ್ಲೋ ಗಣಪತಿ ಮಂಟಪದ ಸ್ಟೇಜ್‌ನಲ್ಲೋ ಮಾಯವಾಗುವುದು ಇದರಿಂದಲೇ. ಗಿಟಾರ್ ಬದುಕುವುದು ಮಿಡ್‌ನಲ್ಲಿ.

ಇನ್ನು ಯಾವುದು ಚಲೋ? ಬ್ಯಾಂಡ್‌ನಲ್ಲಿ ಎರಡು ಗಿಟಾರ್ ಇದ್ದರೆ ನನ್ನ ಕೈ ಹೋಗುವುದು ಜೆಸಿಎಂ800 ಮತ್ತು ಮುಂದೆ ಒಂದು ಟ್ಯೂಬ್ ಸ್ಕ್ರೀಮರ್ ಕಡೆ. ತಂತಿ ಇಳಿಸಿ ವೇಗವಾಗಿ ಬಾರಿಸುವುದಾದರೆ 5150. ಒಬ್ಬರೇ ಗಿಟಾರ್ ಬಾರಿಸುವ ಬ್ಯಾಂಡ್‌ಗೆ, ನಿಧಾನದ ಭಾರದ ರಿಫ್‌ಗಳಿಗೆ ರೆಕ್ಟಿಫೈಯರ್ ಜಾಗ ತುಂಬುತ್ತದೆ.

ಮುಂದೆ ನಿಜವಾದ ಹೆಡ್ (ಸ್ಪೀಕರ್ ಇಲ್ಲದ ಆಂಪ್) ಕೊಳ್ಳುವ ಮನಸ್ಸಿದ್ದರೆ ಒಂದು ಎಚ್ಚರಿಕೆ. ಅಮೆರಿಕದಿಂದ ಯಾರಾದರೂ ತಂದುಕೊಟ್ಟದ್ದು 120 ವೋಲ್ಟ್‌ನದಾಗಿರುತ್ತದೆ, ನಮ್ಮ 230 ವೋಲ್ಟ್‌ಗೆ ನೇರವಾಗಿ ಹಾಕಬೇಡಿ. ಹಿಂದಿನ ಪ್ಯಾನೆಲ್ ಮೇಲೆ ಬರೆದ ವ್ಯಾಟ್‌ಗಿಂತ ದೊಡ್ಡ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಸ್ಪೀಕರ್ ಅಥವಾ ಲೋಡ್ ಬಾಕ್ಸ್ (ಸ್ಪೀಕರ್ ಬದಲು ಹೊರೆ ಹೊರುವ ಪೆಟ್ಟಿಗೆ) ಜೋಡಿಸದೆ ಟ್ಯೂಬ್ ಹೆಡ್ ಬಾರಿಸಲೇಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು.