ಗೀರು ಬಿದ್ದ ಸಿಡಿ: ಯಾವುದನ್ನು ಉಜ್ಜಬೇಕು, ಯಾವುದನ್ನು ಬಿಡಬೇಕು

ಉಡುಪಿ, ಮಂಗಳೂರಿನ ಮನೆಗಳ ಕಪಾಟಿನಲ್ಲಿ ಯಕ್ಷಗಾನದ ವಿಸಿಡಿ, ತುಳು ನಾಟಕ, ಭಜನೆ, ಮದುವೆ ವಿಡಿಯೊ ಅಂತ ಸಿಡಿಗಳು ಇನ್ನೂ ರಾಶಿ ಬಿದ್ದಿವೆ. ಅವನ್ನು ಕಂಪ್ಯೂಟರಿಗೆ ಇಳಿಸುವುದನ್ನು ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ. ಸಿಡಿ ಹೊಸದರಂತೆ ಹೊಳೆಯಲೇಬೇಕು ಎಂಬ ಹಟ ಬೇಡ. ಒಂದೇ ಒಂದು ಸಲ ಸರಿಯಾಗಿ ಓದಿಸಿಕೊಂಡರೆ ಸಾಕು, ಕಾಪಿ ಕೈಗೆ ಬಂತು.

ಉಜ್ಜುವ ಮೊದಲು ಚೆನ್ನಾಗಿ ಓಡುವ ಇನ್ನೊಂದು ಸಿಡಿಯನ್ನು ಅದೇ ಪ್ಲೇಯರಿಗೆ ಹಾಕಿ ನೋಡಿ. ಅದೂ ತಡವರಿಸಿದರೆ ತಪ್ಪು ಸಿಡಿಯದ್ದಲ್ಲ. ಪ್ಲೇಯರಿನ ಲೆನ್ಸಿಗೆ ದೂಳೋ ತೇವವೋ ಹಿಡಿದಿರಬಹುದು. ಬೇರೆ ಡ್ರೈವಿನಲ್ಲೂ ಒಮ್ಮೆ ಹಾಕಿ ನೋಡಿ. ಒಂದು ಡ್ರೈವ್ ಒಪ್ಪದ ಸಿಡಿಯನ್ನು ಇನ್ನೊಂದು ಸಲೀಸಾಗಿ ಓದುವುದುಂಟು.

ಗೀರು ಯಾವ ಬದಿಯಲ್ಲಿದೆ?

ಸಿಡಿಯ ದಪ್ಪ 1.2 ಮಿಲಿಮೀಟರ್. ಹೆಚ್ಚುಕಡಿಮೆ ಪೂರ್ತಿ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್. ಹಾಡು, ವಿಡಿಯೊ ಎಲ್ಲ ಹೊಳೆಯುವ ಬದಿಯ ಮೇಲ್ಗಡೆಯೇ ಇದೆ ಅಂತ ತುಂಬ ಜನ ತಿಳಿದಿದ್ದಾರೆ. ನಿಜವಾಗಿ ಅದು ಇರುವುದು ಹೆಸರು, ಚಿತ್ರ ಅಚ್ಚಾದ ಬದಿಯಲ್ಲಿ. ಅಲ್ಲಿ ತೆಳುವಾದ ಅಲ್ಯೂಮಿನಿಯಂ ಪದರ, ಅದರ ಮೇಲೆ ಒಂದು ಪದರ ಲ್ಯಾಕರ್, ಅದರ ಮೇಲೆ ಬಣ್ಣ. ಅಷ್ಟೇ ರಕ್ಷಣೆ. ಹಾಗಾಗಿ ಹೆಸರಿನ ಬದಿಗೆ ಬಿದ್ದ ಗೀರೇ ಜಾಸ್ತಿ ಅಪಾಯ. ಸಿಡಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಸೂಜಿ ಚುಚ್ಚಿದ ಹಾಗೆ ಬೆಳಕಿನ ಚುಕ್ಕಿ ಕಂಡರೆ ಅಲ್ಲಿ ಪದರವೇ ಹೋಗಿದೆ. ಅದಕ್ಕೆ ಯಾವ ಪೇಸ್ಟೂ ಇಲ್ಲ. ಸಿಡಿಗೆ ಕಾಗದದ ಸ್ಟಿಕ್ಕರ್ ಅಂಟಿಸಿದ್ದರೆ ಕೀಳಲು ಹೋಗಬೇಡಿ, ಪದರವೂ ಜೊತೆಗೇ ಎದ್ದು ಬರಬಹುದು.

ಹೊಳೆಯುವ ಬದಿಯ ಗೀರು ಬೇರೆ ಥರ. ಲೇಸರ್ ಕಿರಣ ಪ್ಲಾಸ್ಟಿಕ್ಕಿನ ಮೇಲೆ ಬೀಳುವಾಗ ಸುಮಾರು 0.8 ಮಿಲಿಮೀಟರ್ ಅಗಲ ಇರುತ್ತದೆ. ಒಳಗೆ ಮಾಹಿತಿ ಪದರ ಮುಟ್ಟುವಾಗ 2 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣದಾಗಿರುತ್ತದೆ. ಅಂದರೆ ಮೇಲಿನ ಸಣ್ಣ ದೂಳು, ಕೂದಲೆಳೆಯಂಥ ಗೀರು ಅದಕ್ಕೆ ಸರಿಯಾಗಿ ಕಾಣುವುದೇ ಇಲ್ಲ. ಗೀರು ದೊಡ್ಡದಾದಾಗ ಬೆಳಕು ಅಡ್ಡಾದಿಡ್ಡಿ ಚದುರುತ್ತದೆ, ಓದಲಾಗುವುದಿಲ್ಲ. ಒಳಗಿನ ಮಾಹಿತಿ ಮಾತ್ರ ಹಾಗೇ ಇರುತ್ತದೆ.

ಅಡ್ಡ ಗೀರು, ಸುತ್ತು ಗೀರು

ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಓದಿ, ಮುಂದಿನದ್ದೆಲ್ಲ ಇದರ ಮೇಲೆ ನಿಂತಿದೆ. ಸಿಡಿಯಲ್ಲಿ ಮಾಹಿತಿ ಒಂದೇ ಉದ್ದ ಸುರುಳಿಯಾಗಿ, ಒಳಗಿನಿಂದ ಹೊರಗೆ ಸಾಗುತ್ತದೆ. ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ಅಂತರ 1.6 ಮೈಕ್ರಾನ್. ಸೋನಿ ಮತ್ತು ಫಿಲಿಪ್ಸ್ ಸೇರಿ ರೂಪಿಸಿ 1982ರಲ್ಲಿ ಮಾರುಕಟ್ಟೆಗೆ ತಂದ ಈ ತಟ್ಟೆಯಲ್ಲಿ ತಪ್ಪು ತಿದ್ದುವ ಏರ್ಪಾಡೂ ಇದೆ. ಮಾಹಿತಿಯನ್ನು ಚೂರು ಮಾಡಿ ಬೇರೆ ಬೇರೆ ಕಡೆ ಹಂಚಿಟ್ಟಿರುತ್ತಾರೆ. ಜೊತೆಗೆ ಕಳೆದುಹೋದದ್ದನ್ನು ಲೆಕ್ಕ ಹಾಕಿ ಮರಳಿ ಪಡೆಯಲು ಹೆಚ್ಚುವರಿ ಅಂಕೆಗಳೂ ಇರುತ್ತವೆ. ಹಾಗಾಗಿ ಸುರುಳಿಯ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ಮಾಹಿತಿ ಪೂರ್ತಿ ಹೋದರೂ ಪ್ಲೇಯರ್ ಅದನ್ನು ಮತ್ತೆ ಕಟ್ಟಿಕೊಳ್ಳುತ್ತದೆ.

ಈಗ ನಡುವಿನಿಂದ ಅಂಚಿಗೆ ನೇರ ಎಳೆದ, 0.2 ಮಿಲಿಮೀಟರ್ ಅಗಲದ ಗೀರು ಇದೆ ಅನ್ನಿ. ನೋಡಲು ಭಯಂಕರ. ಆದರೆ ಪ್ರತಿ ಸುತ್ತಿನಲ್ಲೂ ಕೆಡುವುದು ಬರೀ 0.2 ಮಿಲಿಮೀಟರ್. ಅದೇ ಗೀರು ವೃತ್ತದ ದಿಕ್ಕಿನಲ್ಲಿ ಒಂದು ಸೆಂಟಿಮೀಟರ್ ಉದ್ದ ಇದ್ದರೆ? ನೂರಕ್ಕೂ ಹೆಚ್ಚು ಅಕ್ಕಪಕ್ಕದ ಸುತ್ತುಗಳಲ್ಲಿ ಒಂದೊಂದು ಸೆಂಟಿಮೀಟರ್ ಕೆಟ್ಟಿತು. ತಿದ್ದುವ ಮಿತಿ ದಾಟಿತು, ಲೇಸರ್ ದಾರಿಯೂ ತಪ್ಪಿತು. ಆದ್ದರಿಂದಲೇ ಒರೆಸುವುದು, ಉಜ್ಜುವುದು ಎಲ್ಲ ನಡುವಿನಿಂದ ಅಂಚಿಗೆ ನೇರವಾಗಿ. ತಟ್ಟೆ ತೊಳೆದ ಹಾಗೆ ಸುತ್ತು ಸುತ್ತು ಬೇಡವೇ ಬೇಡ.

ಆಡಿಯೊ ಸಿಡಿ ಇದಕ್ಕೂ ಮೀರಿ ಸ್ವಲ್ಪ ಸಹಿಸುತ್ತದೆ. ಪ್ಲೇಯರ್ ಹಿಂದುಮುಂದಿನ ಸ್ವರ ನೋಡಿ ನಡುವಿನದ್ದನ್ನು ಅಂದಾಜು ಮಾಡಿ ತುಂಬುತ್ತದೆ, ನಮ್ಮ ಕಿವಿಗೆ ಗೊತ್ತಾಗುವುದಿಲ್ಲ. ಫೈಲುಗಳಿರುವ ಡೇಟಾ ಸಿಡಿಯಲ್ಲಿ ಅಂದಾಜು ನಡೆಯುವುದಿಲ್ಲ, ಅದಕ್ಕೇ ಅದರಲ್ಲಿ ತಪ್ಪು ತಿದ್ದುವ ಇನ್ನೊಂದು ಹಂತ ಇಟ್ಟಿದ್ದಾರೆ. ವಿಸಿಡಿಯ ವಿಡಿಯೊ ಭಾಗಕ್ಕೆ ಆ ಹೆಚ್ಚುವರಿ ಹಂತ ಇಲ್ಲ, ಆ ಜಾಗಕ್ಕೂ ವಿಡಿಯೊ ತುಂಬಿದ್ದಾರೆ. ನಮ್ಮ ಯಕ್ಷಗಾನದ ವಿಸಿಡಿಗಳು ಚೌಕ ಚೌಕ ಒಡೆದು ಯುದ್ಧದ ಸನ್ನಿವೇಶದಲ್ಲೇ ನಿಂತುಬಿಡುವುದಕ್ಕೆ ಇದೂ ಒಂದು ಕಾರಣ.

ತೊಳೆಯುವುದು

ಅರ್ಧಕ್ಕರ್ಧ ಸಿಡಿಗಳಿಗೆ ಇಷ್ಟೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಮೊದಲು ನಲ್ಲಿ ಕೆಳಗೆ ಹಿಡಿದು ದೂಳು ಹೋಗಲು ಬಿಡಿ. ಒಣ ಬೈರಾಸಿನಲ್ಲಿ ಒರೆಸಿದರೆ ಮುರಕಲ್ಲಿನ ಕೆಂಪು ಹುಡಿಯೇ ಹೊಸ ಗೀರು ಎಳೆಯುತ್ತದೆ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ಬೆರಳ ತುದಿಯಿಂದ ಮೆತ್ತಗೆ. ಕಡಲ ಹತ್ತಿರದ ಬಾವಿ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ, ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಕೊನೆಯ ಸಲ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸುರಿದರೆ ಒಳ್ಳೆಯದು. ಆ್ಯಸಿಡ್ ಅಲ್ಲ, ನೀರು! ಕನ್ನಡಕ ಒರೆಸುವ ಬಟ್ಟೆಯಿಂದ ಒರೆಸಿ.

ಎಣ್ಣೆ ಕೈ ಗುರುತು ಹೋಗದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪ ಸಾಕು. ಥಿನ್ನರ್, ಪೆಟ್ರೋಲ್, ನೈಲ್ ಪಾಲಿಶ್ ರಿಮೂವರ್ ಮುಟ್ಟಿಸಬೇಡಿ, ಪ್ಲಾಸ್ಟಿಕ್ ಮಂಜಾಗುತ್ತದೆ.

ಮಳೆಗಾಲದಲ್ಲಿ ಕವರಿನೊಳಗೆ ಬರುವ ಬಿಳಿ ಬೂಷ್ಟು ಹೆಚ್ಚಾಗಿ ಮೇಲ್ಮೈಯಲ್ಲೇ ಇರುತ್ತದೆ, ತೊಳೆದರೆ ಹೋಗುತ್ತದೆ. ಅಂಚಿನಿಂದ ಒಳಗೆ ಹಬ್ಬಿ ಪದರವನ್ನೇ ತಿಂದ ಉದಾಹರಣೆಯೂ ಇದೆ. ಬೆಲೀಜ್ ದೇಶದ ಸೆಕೆಯಲ್ಲಿ ಹಾಗೆ ಹಾಳಾದ ಸಿಡಿಯೊಂದನ್ನು ಸ್ಪೇನಿನ ವಿಜ್ಞಾನಿಗಳು ಪರೀಕ್ಷಿಸಿದ ಸುದ್ದಿ 2001ರಲ್ಲಿ ಬಂದಿತ್ತು. ನಮ್ಮ ಜುಲೈ ತಿಂಗಳ ತೇವ ಅದಕ್ಕೇನೂ ಕಡಿಮೆ ಇಲ್ಲ, ಅಲ್ವಾ?

ಉಜ್ಜುವುದು

ತೊಳೆದ ಮೇಲೂ ಓದದಿದ್ದರೆ ಮಾತ್ರ ಇದು. ಪೇಸ್ಟಿನಲ್ಲಿರುವ ನುಣುಪು ಹುಡಿ ಗೀರಿನ ಚೂಪು ಅಂಚುಗಳನ್ನು ಸವೆಸುತ್ತದೆ, ಬೆಳಕು ಚದುರುವುದು ಕಡಿಮೆಯಾಗುತ್ತದೆ. ಸಾದಾ ಬಿಳಿ ಟೂತ್‌ಪೇಸ್ಟ್ ಬೇಕು. ಜೆಲ್ ಬೇಡ, ಇದ್ದಿಲು, ಉಪ್ಪು ಹಾಕಿದ್ದೂ ಬೇಡ. ಸಿಡಿಯನ್ನು ಮೆತ್ತನೆ ಬಟ್ಟೆಯ ಮೇಲಿಡಿ, ಹೆಸರಿನ ಬದಿ ಕೆಳಗೆ. ಒದ್ದೆ ಹತ್ತಿ ಬಟ್ಟೆಗೆ ಚೂರು ಪೇಸ್ಟ್ ಹಚ್ಚಿ, ಗೀರಿನ ಜಾಗದಲ್ಲಿ ನಡುವಿನಿಂದ ಅಂಚಿಗೆ ಎರಡು ಮೂರು ನಿಮಿಷ ಉಜ್ಜಿ, ತೊಳೆದು, ಹಾಕಿ ನೋಡಿ. ಸ್ವಲ್ಪ ಮಂಜಾಗಿ ಕಂಡರೆ ಗಾಬರಿ ಬೇಡ.

ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರಿಗೆ ಸವೆಸಿ ಪ್ರಯೋಜನವಿಲ್ಲ, ತುಂಬಬೇಕು. ಬಣ್ಣವಿಲ್ಲದ ಕಾರ್ ವ್ಯಾಕ್ಸ್ ತೆಳ್ಳಗೆ ಹಚ್ಚಿ ಪೂರ್ತಿ ಒರೆಸಿ. ಗೀರಿನೊಳಗೆ ಉಳಿದಷ್ಟೇ ಸಾಕು, ಹೊರಗೆ ಉಳಿದದ್ದು ಡ್ರೈವಿನೊಳಗೆ ಸಿಡಿಯುತ್ತದೆ. ಇದು ತಾತ್ಕಾಲಿಕ, ಕೂಡಲೇ ಕಾಪಿ ಮಾಡಿಕೊಳ್ಳಿ. ಬಾಳೆಹಣ್ಣು ಉಜ್ಜುವ ಸಲಹೆಯನ್ನೂ ಕೇಳಿರುತ್ತೀರಿ. ಹಣ್ಣಾದ ಬಾಳೆ ಸುಮ್ನೆ ಬನ್ಸಿಗೇ ಹೋಗಲಿ.

ಕಾಪಿ

ಆಡಿಯೊಗೆ ಎಕ್ಸಾಕ್ಟ್ ಆಡಿಯೊ ಕಾಪಿ ಒಳ್ಳೆಯ ತಂತ್ರಾಂಶ, ಅನುಮಾನ ಬಂದ ಜಾಗವನ್ನು ಮತ್ತೆ ಮತ್ತೆ ಓದುತ್ತದೆ. ವಿಸಿಡಿಯಲ್ಲಿ ಎಂಪಿಇಜಿಎವಿ (MPEGAV) ಎಂಬ ಫೋಲ್ಡರಿನೊಳಗಿನ ಡಿಎಟಿ (.DAT) ಫೈಲೇ ವಿಡಿಯೊ. ಅದನ್ನು ಎಳೆದು ಹಾಕುವಾಗ ಅರ್ಧಕ್ಕೆ ನಿಂತರೆ ಕೆಟ್ಟ ಸಿಡಿಯಿಂದ ಫೈಲು ತೆಗೆಯುವ ಐಸೊಬಸ್ಟರ್‌ನಂಥ ತಂತ್ರಾಂಶ ಬೇಕಾಗುತ್ತದೆ. ಎರಡಕ್ಕೂ ಡ್ರೈವಿನ ವೇಗ ಇಳಿಸಿ. ಮೊದಲ ಭಾಗ ಸರಿ ಬಂದು ಕೊನೆಯದ್ದು ಸಿಕ್ಕಿಹಾಕಿಕೊಂಡರೆ ಹೊರ ಅಂಚಿನ ಕಡೆ ಮಾತ್ರ ಇನ್ನೊಮ್ಮೆ ಉಜ್ಜಿ. ಸಿಡಿ ಇದೆ ಅಂತಲೇ ಡ್ರೈವಿಗೆ ಗೊತ್ತಾಗದಿದ್ದರೆ ನಡುವಿನ ರಂಧ್ರದ ಸುತ್ತ ನೋಡಿ, ಒಳಗೆ ಏನೇನಿದೆ ಎಂಬ ಪಟ್ಟಿ ಇರುವುದು ಅಲ್ಲೇ.